ಪಾದ್ರಿ ಮನೆಯ ಮಾಡೆಲ್: ಗೋಡೆ ಎದ್ದವು, ಒಳಗೆ ಜಾಗ ಸಾಲ್ತಿಲ್ಲ

ನಾಲ್ಕೂ ಗೋಡೆ ಎದ್ದು ನಿಂತಿವೆ. ಸೂರು ಇನ್ನೂ ಆಗಿಲ್ಲ. ಈ ಸಲ ಜಾಸ್ತಿ ತಲೆ ಕೆಡಿಸಿದ್ದು ಒಳಗಿನ ಸಾಮಾನು.

ಹೊಸದಾಗಿ ಓದುತ್ತಿರುವವರಿಗೆ ಒಂದಿಷ್ಟು ಹಿನ್ನೆಲೆ. ಅಯೋವಾ ರಾಜ್ಯದ ಡೆಕೋರಾ ಊರಲ್ಲಿ ವೆಸ್ಟರ್‌ಹೈಮ್ ಅಂತ ನಾರ್ವೆ ವಲಸಿಗರ ಮ್ಯೂಸಿಯಂ ಇದೆ. ನಾನಿರುವ ರಾಚೆಸ್ಟರ್‌ನಿಂದ ಸುಮಾರು ಒಂದೂವರೆ ಗಂಟೆ ದಾರಿ. ಅಲ್ಲಿರುವ ಎಗ್ಗೆ-ಕೋರೆನ್ ಮನೆಯನ್ನು ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ, ಅಂದ್ರೆ 1:24ರಲ್ಲಿ ಮಾಡುತ್ತಿದ್ದೇನೆ. ಮನೆ ಕಟ್ಟಿದ್ದು ಎಗ್ಗೆ ಕುಟುಂಬ, 1850ರ ದಶಕದ ಶುರುವಿನಲ್ಲಿ. 1853ರ ಡಿಸೆಂಬರ್‌ನಲ್ಲಿ ನಾರ್ವೆಯಿಂದ ಉಲ್ರಿಕ್ ವಿಲ್ಹೆಲ್ಮ್ ಕೋರೆನ್ ಎಂಬ ಲೂಥರನ್ ಪಾದ್ರಿ ಹೆಂಡತಿ ಎಲಿಸಬೆತ್ ಜೊತೆ ಬಂದಿಳಿದರು. ಪಾದ್ರಿಗೆ ಅಂತ ಮನೆ ಇನ್ನೂ ಕಟ್ಟಿರಲಿಲ್ಲ. ಆ ಚಳಿಗಾಲವನ್ನು ಇಬ್ಬರೂ ಇದೇ ಮನೆಯಲ್ಲಿ ಕಳೆದರು. ಹಾಗಾಗಿ ಹೆಸರಿಗೆ ಪಾದ್ರಿ ಮನೆ ಅಲ್ಲದಿದ್ದರೂ ನಾನು ಇದನ್ನು ಹಾಗೇ ಕರೆಯುತ್ತೇನೆ.

ಮೊದಲು ಗೋಡೆ ವಿಷಯ. ದಿಮ್ಮಿಗಳಿಗೆ ಬಾಸ್‌ವುಡ್ ಕಡ್ಡಿ ಬಳಸಿದೆ. ಆ ಕಡೆಯ ನಾರ್ವೆಯವರು ಓಕ್ ಮರ ಜಾಸ್ತಿ ಬಳಸುತ್ತಿದ್ದರು. ಆದರೆ ಈ ಅಳತೆಯಲ್ಲಿ ಓಕ್ ಇಟ್ಟರೆ ಮರದ ಎಳೆ ದಪ್ಪ ಕಂಡು ಎಲ್ಲ ಕೆಡುತ್ತದೆ. ಬಾಸ್‌ವುಡ್‌ನಲ್ಲಿ ಎಳೆ ಕಾಣುವುದೇ ಇಲ್ಲ, ಬಣ್ಣ ನಮ್ಮ ಕೈಯಲ್ಲಿರುತ್ತದೆ.

ಮೂಲೆಗಳಿಗೆ ಡವ್‌ಟೇಲ್ ಕಚ್ಚು ಹಾಕಿದ್ದೇನೆ. ವಲಸಿಗರ ಮರದ ಮನೆಗಳಲ್ಲಿ ತುಂಬಾ ಕಡೆ ಕಾಣುವುದು ಇದೇ. ಇದರ ಜಾಣತನ ಕಡ್ಡಿ ಕೆತ್ತುವಾಗ ಗೊತ್ತಾಗುತ್ತದೆ. ದಿಮ್ಮಿಯ ತುದಿಯನ್ನು ಓರೆಯಾಗಿ, ಹೊರಗೆ ಅಗಲವಾಗುವ ಹಾಗೆ ಕತ್ತರಿಸುತ್ತಾರೆ. ಮೇಲಿನ ಭಾರ ಬಿದ್ದಷ್ಟೂ ಕಚ್ಚು ಬಿಗಿಯಾಗುತ್ತದೆ, ಗೋಡೆ ಹೊರಕ್ಕೆ ಜಾರುವುದಿಲ್ಲ. ಓರೆ ಹೊರಗಡೆ ಇಳಿದಿರುವುದರಿಂದ ಮಳೆ ನೀರೂ ಒಳಗೆ ನಿಲ್ಲದೆ ಹರಿದು ಹೋಗುತ್ತದೆ. ಮೊಳೆಯೇ ಬೇಡ. ನಾನು ಅಂಟು ಹಾಕಿದೆ ಅನ್ನಿ, ಆದರೆ ಅಂಟು ಹಾಕುವ ಮೊದಲೇ ಮೂಲೆಗಳು ಗಟ್ಟಿಯಾಗಿ ನಿಂತವು.

ನಾರ್ವೆಯ ಹಳೇ ಮನೆಗಳಲ್ಲಿ ಮೇಲಿನ ದಿಮ್ಮಿಯ ತಳವನ್ನು ಕೆಳಗಿನದರ ಬೆನ್ನಿಗೆ ಸರಿಯಾಗಿ ಕೂರುವಂತೆ ಕೆತ್ತಿ, ನಡುವೆ ಪಾಚಿ ಇಡುತ್ತಿದ್ದರು. ಸಂದೇ ಕಾಣುವುದಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಆ ನಾಜೂಕು ಎಷ್ಟೋ ಕಡೆ ಬಿಟ್ಟುಹೋಯಿತು. ಪೈನ್ ಮರದಷ್ಟು ಸುಲಭವಾಗಿ ಓಕ್ ಕೆತ್ತಲು ಬರುವುದಿಲ್ಲ, ಮೇಲಾಗಿ ಚಳಿ ಶುರುವಾಗುವುದರೊಳಗೆ ತಲೆ ಮೇಲೆ ಸೂರು ಬೇಕು. ಹಾಗಾಗಿ ಸಂದು ಬಿಟ್ಟು, ಅದಕ್ಕೆ ಮರದ ಚೂರು ತುರುಕಿ, ಮೇಲೆ ಮಣ್ಣು ಅಥವಾ ಸುಣ್ಣದ ಗಾರೆ ಮೆತ್ತುತ್ತಿದ್ದರು. ನನ್ನ ಗಾರೆ ಅಂದರೆ ಅಂಟು, ನುಣ್ಣಗೆ ಜರಡಿ ಹಿಡಿದ ಮರಳು, ಒಂಚೂರು ಬೂದು ಬಣ್ಣ. ಟೂತ್‌ಪಿಕ್‌ನಲ್ಲಿ ತುಂಬಿ, ಒದ್ದೆ ಹತ್ತಿಯಿಂದ ಒರೆಸಿದರೆ ಚೆನ್ನಾಗಿ ಬರುತ್ತದೆ.

ಈಗ ಒಳಗಿನ ಕತೆ. ಮನೆಯ ಅಳತೆ 14 ಅಡಿಗೆ 16 ಅಡಿ. ಎಲಿಸಬೆತ್ ಬರೆದಿಟ್ಟ ದಿನಚರಿಯಲ್ಲೂ ಇದೇ ಅಳತೆ ಇದೆ. ಅದನ್ನು ಹೊರಗಿನ ಅಳತೆ ಅಂತ ಹಿಡಿದು, ಗೋಡೆಯ ದಪ್ಪ ಕಳೆದರೆ ಮಾಡೆಲ್‌ನೊಳಗೆ ಸಿಗುವುದು ಆರೂವರೆಗೆ ಏಳೂವರೆ ಇಂಚು. ಚೀಟಿ ಬಟ್ಟೆಯ ಪರದೆ ಕಟ್ಟಿ ಎರಡು ಭಾಗ ಮಾಡಿದ್ದರು. ಒಂದು ಭಾಗದಲ್ಲಿ ಎರಡು ಮಂಚ ಇಟ್ಟರೆ ಒಂದು ಗೋಡೆ ಪೂರ್ತಿ ತುಂಬುತ್ತಿತ್ತು. ನಾನು ಮೂರಿಂಚಿನ ಎರಡು ಮಂಚ ಮಾಡಿ ಗಿಡ್ಡ ಗೋಡೆಗೆ ಇಟ್ಟೆ. ಉಳಿದದ್ದು ಅರ್ಧ ಇಂಚು! ಮಂಚದ ಅಗಲ, ಓಡಾಡಲು ಒಂದಿಷ್ಟು ಜಾಗ, ಆಮೇಲೆ ಪರದೆ. ಒಲೆ, ಮೇಜು, ಬಾಗಿಲು ಎಲ್ಲದಕ್ಕೂ ಸೇರಿ ಉಳಿಯುವುದು ನಿಜದ ಲೆಕ್ಕದಲ್ಲಿ 9 ಅಡಿಗೆ 13 ಅಡಿ. ಅಷ್ಟರಲ್ಲಿ ಎಗ್ಗೆ ದಂಪತಿ, ಅವರ ಇಬ್ಬರು ಪುಟ್ಟ ಮಕ್ಕಳು, ಪಾದ್ರಿ, ಪಾದ್ರಿಯ ಹೆಂಡತಿ. ದಿನಚರಿ ಓದಿದಾಗ 'ಚಿಕ್ಕ ಮನೆ' ಅಂದುಕೊಂಡು ಮುಂದೆ ಹೋಗಿದ್ದೆ. ಮಂಚ ಇಟ್ಟು ನೋಡಿದಾಗ ನಿಜವಾಗಿ ಉಸಿರು ಕಟ್ಟಿತು.

ಎಲಿಸಬೆತ್‌ಗೆ ಆಗ 21 ವರ್ಷ. ಗಂಡ ದೂರದ ಊರುಗಳಿಗೆ ಪ್ರಾರ್ಥನೆ ನಡೆಸಲು, ಮಕ್ಕಳಿಗೆ ದೀಕ್ಷಾಸ್ನಾನ ಕೊಡಲು ಹೊರಟರೆ ದಿನಗಟ್ಟಲೆ ಬರುತ್ತಿರಲಿಲ್ಲ. ಊಟ ಅಂದರೆ ಬೇಯಿಸಿದ ಹಂದಿ ಮಾಂಸ, ಇಲ್ಲದಿದ್ದರೆ ಹುರಿದ ಹಂದಿ ಮಾಂಸ. ಅದನ್ನೂ ಆಕೆ ನಗುತ್ತಲೇ ಬರೆದಿದ್ದಾರೆ. ನನಗೆ ಪಾದ್ರಿಗಿಂತ ಆಕೆಯೇ ಹೆಚ್ಚು ಇಷ್ಟ. ಅದಕ್ಕೇ ಮೇಜಿನ ಮೇಲೆ ಬೈಬಲ್ ಬದಲು ಒಂದು ದಿನಚರಿ, ಪೆನ್ನು ಇಡುತ್ತೇನೆ.

ಸೂರನ್ನು ಅಂಟಿಸುವುದಿಲ್ಲ, ಡಬ್ಬಿ ಮುಚ್ಚಳದ ಹಾಗೆ ಎತ್ತಲು ಬರಬೇಕು. ಇಲ್ಲದಿದ್ದರೆ ಒಳಗೆ ಪಟ್ಟ ಪಾಡೆಲ್ಲ ಯಾರಿಗೆ ಕಾಣುತ್ತೆ, ಅಲ್ವಾ? ಪರದೆ ಬಟ್ಟೆ ಮಾತ್ರ ಇನ್ನೂ ಸಿಕ್ಕಿಲ್ಲ. ಅಂಗಡಿಯಲ್ಲಿ ಸಿಗುವ ಅತಿ ಸಣ್ಣ ಹೂವಿನ ಬಟ್ಟೆಯನ್ನು ಇಲ್ಲಿ ಕಟ್ಟಿದರೂ ಒಂದೊಂದು ಹೂವು ಊಟದ ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತದೆ. ತೆಳು ಹತ್ತಿ ಬಟ್ಟೆಯ ಮೇಲೆ ಸೂಜಿ ತುದಿಯಿಂದ ನಾನೇ ಚುಕ್ಕೆ ಇಡುತ್ತಿದ್ದೇನೆ. ಕೆಂಪೋ ನೀಲಿಯೋ ಅಂತ ಇನ್ನೂ ತೀರ್ಮಾನ ಆಗಿಲ್ಲ.