ಡ್ರಿಲ್ ಬ್ಯಾಟರಿ ರಿಪೇರಿ: ಒಂದು ಸೆಲ್ ಬದಲಿಸಿದರೆ ಸಾಲದು

ಪವರ್ ಟೂಲ್ ರಿಪೇರಿ ಮಾಡುವ ನಮ್ಮಂಥವರಿಗೆ ಈಗ ಮೋಟರ್‌ಗಿಂತ ಬ್ಯಾಟರಿ ಕೆಲಸವೇ ಹೆಚ್ಚು. ಬಡಗಿಗಳು, ಫಾಲ್ಸ್ ಸೀಲಿಂಗ್ ಮಾಡುವವರು, ಎಸಿ ಕೂರಿಸುವ ಹುಡುಗರು, ಎಲ್ಲರದೂ ಒಂದೇ ದೂರು: "ಚಾರ್ಜರ್‌ಗೆ ಹಾಕಿದ್ರೆ ಲೈಟ್ ಮಿಣಮಿಣ ಅನ್ನುತ್ತೆ ಅಣ್ಣ, ಚಾರ್ಜೇ ಆಗಲ್ಲ."

18 ವೋಲ್ಟ್ ಪ್ಯಾಕ್ ಬಿಚ್ಚಿದರೆ ಸಾಮಾನ್ಯವಾಗಿ ಸಿಗುವುದು ಸೀರೀಸ್‌ನಲ್ಲಿ (ಒಂದರ ಹಿಂದೊಂದು) ಕೂತ ಐದು 18650 ಸೆಲ್, ಅಂದರೆ ಲಿಥಿಯಂನ ದುಂಡು ಸೆಲ್‌ಗಳು. ಒಂದೊಂದು 3.6 ವೋಲ್ಟ್, ಫುಲ್ ಆದಾಗ 4.2, ಒಟ್ಟು 21. ದೊಡ್ಡ ಪ್ಯಾಕ್ ಆದರೆ ಅದೇ ಐದು ಜಾಗದಲ್ಲಿ ಜೋಡಿ ಜೋಡಿಯಾಗಿ ಹತ್ತು ಇರುತ್ತವೆ. ಪ್ಯಾಕ್‌ನ ಒಟ್ಟು ವೋಲ್ಟೇಜ್ ನೋಡಿ ಏನೂ ಹೇಳಲಾಗದು. ಮಲ್ಟಿಮೀಟರ್ ಹಿಡಿದು ಒಂದೊಂದೇ ಸೆಲ್ ಅಳೆಯಬೇಕು.

ಮೊನ್ನೆ ಒಬ್ಬ ಬಡಗಿ ತಂದ ಪ್ಯಾಕ್‌ನಲ್ಲಿ ನಾಲ್ಕು ಸೆಲ್ 3.7ರ ಆಸುಪಾಸು ಇದ್ದವು, ಐದನೆಯದು 1.1. ಬಹಳಷ್ಟು ಟೂಲ್ ಪ್ಯಾಕ್‌ಗಳಲ್ಲಿ ಸೆಲ್‌ಗಳನ್ನು ಸಮ ಮಾಡುವ ವ್ಯವಸ್ಥೆ ಇರುವುದಿಲ್ಲ. ಕೆಲವದರಲ್ಲಿ ಒಳಗಿನ ಬೋರ್ಡ್ ತನ್ನ ಕೆಲಸಕ್ಕೆ ಬೇಕಾದ ಕರೆಂಟನ್ನು ಒಂದೆರಡು ಸೆಲ್‌ನಿಂದ ಮಾತ್ರ ಎಳೆಯುತ್ತದೆ. ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಅವು ಮೊದಲು ಖಾಲಿ.

"ಅದೊಂದನ್ನೇ ಹಾಕಿಕೊಡಿ ಅಣ್ಣ, ಉಳಿದವು ಚೆನ್ನಾಗಿವೆಯಲ್ಲ," ಅಂದ. ಕೇಳಿದ್ದು ನ್ಯಾಯವೇ. ಆದರೆ ಸವೆದು ಸಾಮರ್ಥ್ಯ ಕಳೆದುಕೊಂಡ ನಾಲ್ಕರ ಜೊತೆ ಹೊಸದೊಂದನ್ನು ಸೇರಿಸಿದರೆ, ಓಡುವ ಕರೆಂಟ್ ಐದಕ್ಕೂ ಒಂದೇ, ಹಳೆಯವು ಮೊದಲು ಬರಿದಾಗುತ್ತವೆ. ಕೆಲವೇ ತಿಂಗಳಲ್ಲಿ ಅದೇ ಪ್ಯಾಕ್ ಅದೇ ದೂರಿನೊಂದಿಗೆ ನನ್ನ ಟೇಬಲ್‌ಗೆ ವಾಪಸ್. ಅದಕ್ಕೇ ನಾನು ಹಾಕುವುದಾದರೆ ಐದೂ ಹೊಸದು, ಒಂದೇ ಕಂಪನಿ, ಒಂದೇ ಬ್ಯಾಚ್. ಉಳಿದ ನಾಲ್ಕು ಹಳೇ ಸೆಲ್ ಪರೀಕ್ಷೆಯಲ್ಲಿ ಪಾಸಾದರೆ ಟಾರ್ಚ್‌ಗೆ ಆಗುತ್ತವೆ.

ಸತ್ತ ಸೆಲ್ಲನ್ನು ಎಬ್ಬಿಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. 2.5 ವೋಲ್ಟ್‌ಗಿಂತ ತುಸು ಕೆಳಗಿದ್ದು, ಇಳಿದು ಹೆಚ್ಚು ದಿನ ಆಗಿಲ್ಲದಿದ್ದರೆ 0.1 ಆಂಪಿಯರ್‌ನಷ್ಟು ಸಣ್ಣ ಕರೆಂಟ್ ಕೊಟ್ಟು, ಬಿಸಿಯಾಗುತ್ತದೆಯೇ ಎಂದು ಪಕ್ಕದಲ್ಲೇ ಕೂತು ನೋಡುತ್ತೇನೆ. ಆಮೇಲೆ 4.2ಕ್ಕೆ ತಂದು ಒಂದು ವಾರ ಮುಟ್ಟದೆ ಇಡುತ್ತೇನೆ, ಉಳಿದವು 4.18ರಲ್ಲಿ ನಿಂತಾಗ ಅದು 4.1ರ ಕೆಳಗೆ ಜಾರಿದರೆ ತಿರಸ್ಕಾರ. 2ರ ಕೆಳಗೆ ಬಹಳ ಕಾಲ ಬಿದ್ದಿದ್ದನ್ನು ಮುಟ್ಟುವುದೇ ಇಲ್ಲ. ಒಳಗಿನ ತಾಮ್ರದ ಹಾಳೆ ಕರಗಿರುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಬೇಡದ ಕಡೆ ಕೂತು ಒಳಗೇ ಶಾರ್ಟ್ ಆಗಬಹುದು. ಕಾರ್ ಬ್ಯಾಟರಿಯಿಂದ 'ಶಾಕ್' ಕೊಡುವ ಉಪಾಯ ನಿಕಲ್-ಕ್ಯಾಡ್ಮಿಯಂ ಕಾಲದ್ದು. ಅಲ್ಲಿ ಒಳಗೆ ಬೆಳೆದ ಹರಳಿನ ಎಳೆ ಸುಟ್ಟು ಸ್ವಲ್ಪ ದಿನ ನಡೆಯುತ್ತಿತ್ತು. ಲಿಥಿಯಂಗೆ ಹಾಗೆ ಮಾಡಿದರೆ ಬೆಂಕಿಯೇ.

ಸೆಲ್ ಆಯ್ಕೆಯಲ್ಲೇ ಅರ್ಧ ರಿಪೇರಿ ಕೆಡುವುದು. ಲ್ಯಾಪ್‌ಟಾಪ್ ಸೆಲ್‌ಗಳ ತಾಕತ್ತು ಸಾಮಾನ್ಯವಾಗಿ ನಾಲ್ಕೈದು ಆಂಪಿಯರ್. ಗೋಡೆಗೆ ಕಚ್ಚಿಕೊಂಡ ಡ್ರಿಲ್ ಇಪ್ಪತ್ತು ದಾಟಿ ಎಳೆಯುತ್ತದೆ. ಸ್ಯಾಮ್‌ಸಂಗ್ 25ಆರ್‌ನಂಥ 20 ಆಂಪಿಯರ್ ಸೆಲ್ ಬೇಕು. 9900 ಎಂಎಎಚ್ (ಸೆಲ್ ಹಿಡಿಯುವ ಚಾರ್ಜಿನ ಅಳತೆ) ಎಂದು ಬರೆದ 18650 ಕಂಡರೆ ಅದು ಶುದ್ಧ ಸುಳ್ಳು. ಅಸಲಿ ಸೆಲ್‌ನಲ್ಲಿ 3500ರ ಆಸುಪಾಸೇ ಬಹಳ, ಅದೂ ಕಡಿಮೆ ಕರೆಂಟಿನ ಮಾದರಿಗಳಲ್ಲಿ.

ಇನ್ನೊಂದು ಜಾಗ ಹೊಸಬರ ಕಣ್ಣಿಗೆ ಬೀಳುವುದಿಲ್ಲ. ಸೆಲ್‌ನ ಪ್ಲಸ್ ಗುಂಡಿಯ ಸುತ್ತಲಿನ ಅಂಚು ಪ್ಲಸ್ ಅಲ್ಲ, ಮೈನಸ್. ಇಡೀ ಡಬ್ಬಿಯೇ ಮೈನಸ್. ನಡುವೆ ತೆಳು ಪ್ಲಾಸ್ಟಿಕ್ ಹೊದಿಕೆ ಮಾತ್ರ. ಸೆಲ್‌ಗಳನ್ನು ಜೋಡಿಸಿದ ಹಳೇ ನಿಕಲ್ ಪಟ್ಟಿ ಕೀಳುವಾಗ ಅದು ಹರಿದರೆ, ಹೊಸ ಪಟ್ಟಿ ಅಲುಗಾಡಿ ಅಂಚಿಗೆ ತಾಗಿದ ಕ್ಷಣ ಕಿಡಿ. ಪ್ರತಿ ಸೆಲ್‌ಗೂ ಇನ್ಸುಲೇಷನ್ ಕಾಗದದ ಬಳೆ ಅಂಟಿಸದೆ ನಾನು ಪಟ್ಟಿ ಬೆಸೆಯುವ ಸ್ಪಾಟ್ ವೆಲ್ಡರ್ ಆನ್ ಮಾಡುವುದಿಲ್ಲ. ಸೋಲ್ಡರಿಂಗ್ ಐರನ್ ನೇರ ಸೆಲ್‌ಗೆ ಇಡುವುದಂತೂ ಬೇಡ, ಆ ಬಿಸಿಗೆ ಒಳಗಿನ ಪದರ ಹಾಳಾಗುತ್ತದೆ.

ತೆಗೆದ ಸೆಲ್‌ಗಳ ಎರಡೂ ತುದಿಗೆ ಟೇಪ್ ಸುತ್ತಿ ಬೇರೆ ಡಬ್ಬದಲ್ಲಿಟ್ಟು ಇ-ತ್ಯಾಜ್ಯದವರಿಗೆ ಕೊಡುತ್ತೇನೆ. ಕಸದ ಲಾರಿಗೆ ಹೋಗಿ ಅಲ್ಲಿ ಅಪ್ಪಚ್ಚಿಯಾದರೆ ಹೊತ್ತಿಕೊಳ್ಳುತ್ತವೆ.

ಆ ಬಡಗಿ ಕೊನೆಗೆ ಐದೂ ಹಾಕಿಸಿಕೊಂಡ. ಹೋಗುವಾಗ ಎರಡು ಮಾತು ಹೇಳಿ ಕಳಿಸಿದೆ: ಕೆಲಸ ಮುಗಿದ ತಕ್ಷಣ ಬಿಸಿ ಬ್ಯಾಟರಿ ಚಾರ್ಜ್‌ಗೆ ಹಾಕಬೇಡ, ತಣ್ಣಗಾಗಲಿ. ಮಳೆಗಾಲದಲ್ಲಿ ಸೈಟ್ ನಿಂತಾಗ ಅರ್ಧ ಚಾರ್ಜ್ ಮಾಡಿ, ಡ್ರಿಲ್‌ನಿಂದ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ತೋರಿಸುವ ಲೈಟ್ ಒತ್ತಿ ನೋಡು.