ಠಾಣೆಯ ಮೇಜಿನ ಮೇಲೆ ನಂಬಿಕೆ

ದಲಿತರು, ಹೆಂಗಸರು, ಅಂಗವಿಕಲರು ಪೊಲೀಸರನ್ನು ನಂಬುತ್ತಾರೋ ಇಲ್ಲವೋ ಎಂಬುದು ದೂರು ಬರೆದುಕೊಳ್ಳುವ ಮೇಜಿನಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸೌಹಾರ್ದ ಸಭೆಗಳು ಬೇಕು, ಆದರೆ ಅವು ಆಮೇಲಿನ ಮಾತು.

ಜಾತಿ ದೌರ್ಜನ್ಯದ ದೂರನ್ನೇ ನೋಡಿ. ‘ಮೊದಲು ವಿಚಾರಿಸುತ್ತೇವೆ, ಆಮೇಲೆ ಎಫ್‌ಐಆರ್’ ಎನ್ನುವುದು ಹಳೆಯ ಚಾಳಿ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2018ರಲ್ಲಿ ಸೇರಿದ 18ಎ ಕಲಂ ಪ್ರಕಾರ ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ, ಸಹಿಗೆ ಮುಂಚೆ ಓದಿ ಹೇಳಲೇಬೇಕು. ಈ ಹಂತ ತಪ್ಪಿದಾಗಲೇ ಜಾತಿ ನಿಂದನೆಯ ಪದಗಳು, ಸಾಕ್ಷಿಗಳ ಹೆಸರು ಬಿಟ್ಟುಹೋಗಿ, ಮುಂದೆ ನ್ಯಾಯಾಲಯದಲ್ಲಿ ಕೇಸು ಸೊರಗುತ್ತದೆ. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರದ್ದಾಗಬಾರದು.

ಲೈಂಗಿಕ ದೌರ್ಜನ್ಯಕ್ಕೊಳಗಾದ ಮಹಿಳೆಯ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಆಕೆ ಅಂಗವಿಕಲೆಯಾಗಿದ್ದರೆ ಪೊಲೀಸರೇ ಆಕೆಯ ಮನೆಗೋ ಆಕೆ ಹೇಳಿದ ಜಾಗಕ್ಕೋ ಹೋಗಬೇಕು. ದುಭಾಷಿ ಅಥವಾ ವಿಶೇಷ ಶಿಕ್ಷಕರು ಇರಬೇಕು, ವಿಡಿಯೊ ಆಗಬೇಕು. ಸಂಜ್ಞಾಭಾಷೆ ಬಲ್ಲವರ ಪಟ್ಟಿ ಠಾಣೆಯಲ್ಲಿ ಮೊದಲೇ ಇಲ್ಲದಿದ್ದರೆ ಇದೆಲ್ಲ ಕಾಗದದಲ್ಲೇ ಉಳಿಯುತ್ತದೆ.

ಸರಹದ್ದಿನ ನೆಪ ಈಗ ನಡೆಯದು. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಂತೆ ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ) ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ. ಎಫ್‌ಐಆರ್ ಮಾಡದೆ ಬರೀ ಹಿಂಬರಹ (ದೂರಿಗೆ ಠಾಣೆ ಕೊಡುವ ಲಿಖಿತ ಉತ್ತರ) ಕೊಟ್ಟು ಸಾಗಹಾಕಿದರೆ ದೂರಿನ ಸಾರಾಂಶವನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕುವಾಗ ಆ ರಸೀದಿ ಬೇಕಾಗುತ್ತದೆ.