ಚಟ್ ಚಟ್ ಅನ್ನುವ ತನಕ ತಿರುವು

ಕಾಲೇಜಿನ ಫಾರ್ಮಾಸ್ಯುಟಿಕ್ಸ್ (ಔಷಧಿ ತಯಾರಿಸುವ ವಿದ್ಯೆ) ಪ್ರಾಕ್ಟಿಕಲ್ ಅಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಎಮಲ್ಷನ್, ಅಂದರೆ ಎಣ್ಣೆ, ನೀರು ಬೇರೆಯಾಗದ ಹಾಗೆ ಬೆರೆಸಿದ್ದು. 4 ಭಾಗ ಹರಳೆಣ್ಣೆ, 2 ಭಾಗ ನೀರು, 1 ಭಾಗ ಅಕೇಶಿಯಾ ಗೋಂದಿನ ಪುಡಿ. ಚೆನ್ನಾಗಿ ಒಣಗಿದ ಮಾರ್ಟರ್‌ಗೆ (ಕುಟ್ಟಾಣಿಗೆ) ಎಣ್ಣೆ, ಗೋಂದು ಹಾಕಿ, ಅಳೆದಿಟ್ಟ ನೀರನ್ನು ಒಂದೇ ಸಲಕ್ಕೆ ಸುರಿದು, ಕೈ ಬಿಡದೆ ಒಂದೇ ದಿಕ್ಕಿಗೆ ತಿರುವಬೇಕು. ಬೆಳ್ಳಗೆ ದಪ್ಪಗಾಗಿ ಪೆಸಲ್ (ಅರೆಯುವ ಗುಂಡು) ಕೆಳಗೆ ಚಟ್ ಚಟ್ ಅಂತ ಸದ್ದು ಬಂದರೆ ಪ್ರೈಮರಿ ಎಮಲ್ಷನ್, ಅಂದರೆ ಮೊದಲ ಹಂತದ ಗಟ್ಟಿ ಮಿಶ್ರಣ, ಆಯಿತು ಅಂತ ಲೆಕ್ಕ. ಆ ಸದ್ದು ಕೇಳುವ ತನಕ ಮೇಡಂ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ.

ಶಿವಮೊಗ್ಗದ ಮಳೆಗಾಲ ಸಿಲಬಸ್‌ನಲ್ಲಿ ಇರಲಿಲ್ಲ, ಆದರೂ ಲ್ಯಾಬಿಗೆ ಬಂದೇ ಬರುತ್ತಿತ್ತು. ಜುಲೈನಲ್ಲಿ ಎಫರ್ವೆಸೆಂಟ್ ಗ್ರಾನ್ಯೂಲ್ಸ್ (ನೀರಿಗೆ ಹಾಕಿದರೆ ಗುಳ್ಳೆ ಬಿಡುವ ಹರಳು) ಮಾಡಿ ನೋಡಿ, ಗೊತ್ತಾಗುತ್ತದೆ. ಸಿಟ್ರಿಕ್ ಆಸಿಡ್, ಸೋಡಾ ಬೈಕಾರ್ಬ್ ಬೆರೆಸಿಟ್ಟರೆ ಗಾಳಿಯ ತೇವಕ್ಕೇ ಗುಳ್ಳೆ ಬಿಡಲು ಶುರು. ಎಲ್ಲದಕ್ಕೂ ಮಳೆಯನ್ನು ಬೈಯುವುದು ರೂಢಿಯಾಗಿತ್ತು. ಕರ್ಪೂರ, ಮೆಂಥಾಲ್ ಒಟ್ಟಿಗೆ ಅರೆದಾಗ ನೀರಾಗಿದ್ದಕ್ಕೂ ಪಕ್ಕದ ಬೆಂಚಿನವನು ಮಳೆಗೇ ಬೈದ. "ಇದಕ್ಕೆ ಮಳೆ ಯಾಕೆ ಮಾರಾಯ, ಮಾರ್ಚಲ್ಲಿ ಅರೆದರೂ ಇದು ನೀರೇ" ಅಂದರು ಮೇಡಂ. ಎರಡೂ ಸೇರಿದರೆ ಕರಗುವ ಉಷ್ಣತೆ ಇಳಿಯುತ್ತದೆ, ಅದಕ್ಕೇ ಒಂದೊಂದನ್ನೂ ಬೇರೆಬೇರೆಯಾಗಿ ಮ್ಯಾಗ್ನೀಸಿಯಂ ಕಾರ್ಬೊನೇಟ್ ಜೊತೆ ಬೆರೆಸಿ ಆಮೇಲೆ ಕೂಡಿಸಬೇಕು.

ಸಿಂಪಲ್ ಸಿರಪ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. 100 ಗ್ರಾಂನಲ್ಲಿ 66.7 ಗ್ರಾಂ ಸಕ್ಕರೆ. ಕದ್ದು ಕುಡಿದವರ ಹೆಸರು ಇಲ್ಲಿ ಬೇಡ.

ಈಗ ತೀರ್ಥಹಳ್ಳಿ ಕಡೆ ಅಂಗಡಿ ಇಟ್ಟಿದ್ದೇನೆ. ಔಷಧಿಯ ಹೆಸರು ಜನಕ್ಕೆ ಬಾಯಿಪಾಠ, ಆದರೆ ಅದು ಯಾವ ರೂಪದಲ್ಲಿದೆ, ಯಾಕೆ ಹಾಗಿದೆ ಅನ್ನುವುದು ಯಾರಿಗೂ ಬೇಡ. ಸ್ಟ್ರಿಪ್‌ನಿಂದ ಕ್ಯಾಪ್ಸೂಲ್ ಎಲ್ಲ ಬಿಡಿಸಿ ಡಬ್ಬಿಗೆ ಹಾಕಿಡುತ್ತಾರೆ, ಆಗಸ್ಟ್ ಹೊತ್ತಿಗೆ ಜೆಲಟಿನ್ ತೇವ ಹೀರಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಆಮೇಲೆ ನನ್ನ ಹತ್ತಿರ ಬಂದು ಮಾಲು ಸರಿ ಇಲ್ಲ ಅಂತ ಜಗಳ. ಒಬ್ಬ ಅಜ್ಜಿ ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟೊಪ್ರಜೋಲ್ ಮಾತ್ರೆ ಕುಟ್ಟಿ ಕುಡಿಯುತ್ತಿದ್ದರು. ಹೊಟ್ಟೆಯ ಆಸಿಡ್‌ಗೆ ಹಾಳಾಗಬಾರದು ಅಂತಲೇ ಅದರ ಮೇಲೆ ಕೋಟಿಂಗ್ ಇರುವುದು, ಅದನ್ನೇ ಒಡೆದರೆ ಏನು ಉಳಿಯಿತು? "ಅಷ್ಟು ಸಣ್ಣ ಮಾತ್ರೆಗೆ ಎಷ್ಟು ಶಾಸ್ತ್ರ ಮಗಾ" ಅಂದರು. ಈಗ ಹಾಗೇ ನುಂಗುತ್ತಾರಂತೆ, ನಂಬಿದ್ದೇನೆ.

ಮಕ್ಕಳ ಆಂಟಿಬಯಾಟಿಕ್ ಡ್ರೈ ಸಿರಪ್ ಮಾತ್ರ ಬಾಯಲ್ಲಿ ಹೇಳಿದರೆ ಸಾಲದು. ನೀರಲ್ಲಿ ಬೇಗ ಕೆಡುತ್ತದೆ ಅಂತ ಪುಡಿಯಾಗಿ ಬರುತ್ತದೆ. ಕುದಿಸಿ ಪೂರ್ತಿ ಆರಿಸಿದ ನೀರನ್ನು ಬಾಟಲಿ ಮೇಲಿನ ಗೆರೆ ತನಕ ಹಾಕಿ ಕುಲುಕಿದರೆ ಮಟ್ಟ ಇಳಿಯುತ್ತದೆ, ಮತ್ತೆ ಗೆರೆಗೆ ತುಂಬಿಸಬೇಕು. ಈ ಎರಡನೇ ಸಲದ ನೀರನ್ನು ಬಹಳ ಜನ ಹಾಕುವುದೇ ಇಲ್ಲ, ಸಿರಪ್ ಗಟ್ಟಿಯಾಗಿ ಮಗುವಿಗೆ ಡೋಸ್ ಜಾಸ್ತಿ ಹೋಗುತ್ತದೆ. ಅದಕ್ಕೇ ಕೌಂಟರಿನಲ್ಲೇ ಕಲಸಿ, ಲೇಬಲ್ ಮೇಲೆ ತಾರೀಖು ಬರೆದು ಕೊಟ್ಟುಬಿಡುತ್ತೇನೆ.